ಗಸಗಸೆ ಪಾಯಸ ಮತ್ತು ನಮ್ಮ ಮನೆಯವರ ನಿದ್ದೆ

ನಮ್ಮ ಮನೆಯವರು ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಪಾಳಿಯಲ್ಲಿ ದುಡಿದವರು. ನಿವೃತ್ತರಾಗಿ ಮದ್ದೂರಿನ ಮನೆಯಲ್ಲಿ ಕೂತ ಮೇಲೆ ನಿದ್ದೆಯೇ ಬರುವುದಿಲ್ಲವೆಂಬ ಚಿಂತೆ ಹತ್ತಿಕೊಂಡಿತು. ಬೆಳಗಿನ ಕಾಫಿಗೆ ಶುರುವಾದ ದೂರು ಸಂಜೆಯ ಕಾಫಿಯವರೆಗೂ ನಡೆಯುತ್ತಿತ್ತು. ನಡುವೆ ಊಟ ಮುಗಿಸಿ ದಿವಾನದ ಮೇಲೆ ‘ಸುಮ್ಮನೆ ಒರಗುತ್ತಿದ್ದರು’. ಆ ಒರಗುವಿಕೆಗೆ ನನ್ನ ಮಿಕ್ಸಿಯ ಸದ್ದೂ ಅಡ್ಡಿಯಾಗುತ್ತಿರಲಿಲ್ಲ.

ಮೊಬೈಲಿನಲ್ಲಿ ಯಾರು ಯಾರೋ ಹೇಳಿದ್ದೆಲ್ಲ ನಮ್ಮ ಅಡುಗೆಮನೆ ಸೇರಿತು. ಅಶ್ವಗಂಧದ ಪುಡಿ, ಜಾಯಿಕಾಯಿ ತೇಯ್ದ ಹಾಲು, ಮೆಗ್ನೀಷಿಯಂ ಮಾತ್ರೆ. ಬಿ.ಪಿ. ಮಾತ್ರೆಯ ಜೊತೆ ಇವನ್ನೆಲ್ಲ ತಗೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ ಅಂದೆ. ಬೇರು ನಾರಿಗೆಲ್ಲ ಡಾಕ್ಟರ್ ಯಾಕೆ ಎಂದು ನನ್ನನ್ನೇ ಗದರಿದರು.

ಅಷ್ಟರಲ್ಲಿ ಮಳವಳ್ಳಿಯಲ್ಲಿ ಅವರ ಅಕ್ಕನ ಮಗಳ ನಿಶ್ಚಿತಾರ್ಥ ಬಂತು. ತಾಂಬೂಲ ಬದಲಿಸಬೇಕಾದ ಸೋದರಮಾವ ಇವರೇ. ಗಂಡಿನ ಕಡೆಯವರು ಬರುವುದು ತಡವಾಗಿ, ಶಾಸ್ತ್ರಕ್ಕಿಂತ ಮೊದಲು ಊಟ ಬಡಿಸಿದರು. ಎಲೆಗೆ ಗಸಗಸೆ ಪಾಯಸ ಬಂದದ್ದೇ ಇವರ ಮುಖ ಅರಳಿತು. ನಿದ್ದೆಗೆ ಒಳ್ಳೆಯದಂತೆ ಎಂದು ಮತ್ತೆ ಮತ್ತೆ ಹಾಕಿಸಿಕೊಂಡರು. ಈಗ ಮಧ್ಯಾಹ್ನ ಎಂದು ಪಿಸುಗುಟ್ಟಿದೆ. ಅದರ ಗುಣ ರಾತ್ರಿವರೆಗೂ ಇರುತ್ತದಂತೆ ಎಂದರು.

ಪುರೋಹಿತರು ಸೋದರಮಾವನನ್ನು ಕರೆದಾಗ ಇವರು ಮುಂದಿನ ಸಾಲಿನ ಕುರ್ಚಿಯಲ್ಲಿ, ಪೇಟ ಮೂಗಿನ ಮೇಲೆ ಜಾರಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ನಾನು ತಿವಿದರೂ ಏಳಲಿಲ್ಲ. ಕೊನೆಗೆ ಅಕ್ಕನೇ ಬಂದು ಭುಜ ಅಲುಗಿಸಿದರು.

“ಎದ್ದೇಳ್ಲಾ, ಮಗೀನ ಕೊಡಕ್ಕೆ ನಿಂಗೆ ಒಪ್ಗೆನಾ ಅಂತ ಕೇಳ್ತಾವ್ರೆ.”

ಇವರು ಕಣ್ಣು ಬಿಡದೆಯೇ ಎಲೆಯ ಮೇಲೆಂಬಂತೆ ಎರಡೂ ಕೈ ಅಡ್ಡ ಹಿಡಿದು, “ಬ್ಯಾಡ, ಬ್ಯಾಡ, ಸಾಕು” ಅಂದರು.

ಛತ್ರದವರೆಲ್ಲ ನಮ್ಮ ಕಡೆ ತಿರುಗಿದರು. ಹುಡುಗಿ ತಲೆ ತಗ್ಗಿಸಿದಳು. ಪುಣ್ಯಕ್ಕೆ ಹುಡುಗನ ತಂದೆ ನಕ್ಕುಬಿಟ್ಟರು. “ಓಗ್ಲಿ ಬುಡಿ, ಅದು ಪಾಯಸದ ಮಾತು. ಮೊಕ ತೊಳ್ಕಂಡ್ ಬಂದು ಯೋಳ್ಲಿ.”

ಮುಖ ತೊಳೆದು ಬಂದು ಒಪ್ಪಿಗೆ ಹೇಳಿದರು. ಮರುದಿನ ತಾವಾಗಿಯೇ ಮಂಡ್ಯದ ಡಾಕ್ಟರ ಬಳಿ ಹೊರಟರು. ಡಾಕ್ಟರು ಬಿ.ಪಿ. ಮಾತ್ರೆಯೊಂದನ್ನು ಬಿಟ್ಟು ಉಳಿದ ಪುಡಿ, ಮಾತ್ರೆ ಎಲ್ಲ ನಿಲ್ಲಿಸಿ, ಹಗಲು ಮಲಗಬೇಡಿ, ಸಂಜೆ ಕಾಫಿ ಬೇಡ, ದಿನಾ ಒಂದೇ ಹೊತ್ತಿಗೆ ಎದ್ದು ಬಿಸಿಲಿನಲ್ಲಿ ನಡೆಯಿರಿ ಎಂದರು.

ಮೊದಲ ವಾರ ಕಷ್ಟಪಟ್ಟವಳು ನಾನು. ದಿವಾನ ಬಿಟ್ಟ ಮನುಷ್ಯ ಮಧ್ಯಾಹ್ನವೆಲ್ಲ ಒಲೆಯ ಬಳಿ ನಿಂತು ಸಾರಿಗೆ ಹುಣಸೆ ಹೆಚ್ಚಾಯಿತು, ಹುರುಳಿ ಬೇಯಲಿಲ್ಲ ಎನ್ನುತ್ತಿದ್ದರು. ಆಮೇಲೆ ನಾಲೆಯ ಏರಿ ಮೇಲಿನ ಬೆಳಗಿನ ನಡಿಗೆ ಒಗ್ಗಿತು. ರಾತ್ರಿ ಬೇಗ ಉಂಡು, ಮೊಬೈಲ್ ಹಜಾರದಲ್ಲಿಟ್ಟು ಮಲಗತೊಡಗಿದರು. ಒಂದೊಂದು ದಿನ ಈಗಲೂ ನಿದ್ದೆ ಕೈಕೊಡುತ್ತದೆ. ಆದರೆ ದೂರು ಹೇಳುವುದಿಲ್ಲ, ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು ನಡೆಯಲು ಹೋಗುತ್ತಾರೆ. ಅವರಿಗೆ ಆಸೆಯಾಗದಿರಲಿ ಎಂದು ಸಂಜೆ ಕಾಫಿಯನ್ನು ನಾನೂ ಬಿಟ್ಟಿದ್ದೇನೆ. ಆ ಸಿಟ್ಟು ಮಾತ್ರ ನನಗಿನ್ನೂ ಆರಿಲ್ಲ.