ಹುರುಳಿಯ ಮೇಲೆ ಇಂಗ್ಲೆಂಡು

ನಮ್ಮನೆಯವರಿಗೆ ಇಂಗ್ಲೆಂಡಿನ ಹುಚ್ಚು ಹಿಡಿದದ್ದು ಟೀವಿಯಿಂದ. ಮೈಸೂರಿನ ಶ್ರೀರಾಂಪುರದ ನಮ್ಮ ಮನೆಯ ಹಾಲಿನಲ್ಲಿ ರಾತ್ರಿ ಊಟವಾದ ಮೇಲೆ ಮೊದಲೆಲ್ಲ ಧಾರಾವಾಹಿ ನಡೆಯುತ್ತಿತ್ತು. ಅದರಲ್ಲಿ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುತ್ತಿದ್ದಳು, ನಾನು ನೆಮ್ಮದಿಯಾಗಿ ಅವರೆಕಾಯಿ ಸುಲಿಯುತ್ತಿದ್ದೆ. ರಿಟೈರ್ ಆದ ಮೇಲೆ ಇವರು ಅದನ್ನೆಲ್ಲ ಬಂದ್ ಮಾಡಿಸಿ, ಬೆಳಗ್ಗೆ ರಾತ್ರಿ ಅನ್ನದೆ ಹೊಸದೊಂದು ಶುರುಮಾಡಿದರು. ಯಾರೋ ಬಿಳಿಯನೊಬ್ಬ ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ತನ್ನ ದೇಶದ ಹಳ್ಳಿ ರಸ್ತೆಗಳಲ್ಲಿ ಹೋಗುತ್ತಾನೆ. ಮಾತಿಲ್ಲ, ಕತೆಯಿಲ್ಲ. ಎರಡೂ ಕಡೆ ಬೇಲಿ, ಬೇಲಿಯಾಚೆ ಕುರಿ, ಕುರಿಯಾಚೆ ಇನ್ನೊಂದು ಬೇಲಿ. ಎಷ್ಟು ಹೊತ್ತು ನೋಡಿದರೂ ಒಂದು ನರಪಿಳ್ಳೆಯೂ ಕಾಣುವುದಿಲ್ಲ.

"ಅಲ್ಲಾ ರೀ, ಆ ಊರಿನ ಜನ ಎಲ್ಲ ಎಲ್ಲಿಗೆ ಹೋದ್ರು? ಏನಾದ್ರೂ ಕಾಯಿಲೆ ಗೀಯಿಲೆ ಬಂದಿತ್ತಾ?" ಅಂತ ಕೇಳಿದೆ.

"ಅದೇ ಕಣೇ ಅದರ ಚೆಂದ. ನಿಶ್ಶಬ್ದ! ನಮ್ಮಲ್ಲಿ ಎಲ್ಲಿದೆ ಹೇಳು ಅಂಥ ರಸ್ತೆ?" ಅಂದರು. ಅಷ್ಟರಲ್ಲಿ ಆಚೆ ಕಡೆ ಗ್ಯಾಸ್ ಗಾಡಿ, ಕಸದ ಗಾಡಿಯ ಹಾಡು ಎಲ್ಲ ಒಟ್ಟಿಗೆ ಶುರುವಾದರೆ ಎದ್ದು ಕಿಟಕಿ ಮುಚ್ಚಿ ಬರುತ್ತಿದ್ದರು.

ನೋಡೋದು ಸಾಲದೆ ಸೈಕಲ್ಲೂ ಬಂತು. ಅದಕ್ಕೆ ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಕೊನೆಗೆ ಬೆಲ್ಲೂ ಇಲ್ಲ. ಇಷ್ಟೆಲ್ಲ ಇಲ್ಲದೇ ಇರೋದಕ್ಕೆ ಅಷ್ಟೊಂದು ಬೆಲೆಯಾ ಅಂತ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟರು. ಜೊತೆಗೆ ಮೈಗೆ ಅಂಟಿಕೊಳ್ಳುವ ಚಡ್ಡಿ, ಕೂರುವ ಜಾಗಕ್ಕೆ ದಿಂಬು ಹೊಲಿದದ್ದು. ಅದನ್ನು ಮಹಡಿ ಮೇಲೆ ಒಣಗಿಸುವಾಗ ನಾನು ಎರಡು ಸೀರೆಗಳ ಮಧ್ಯೆ ಮರೆಮಾಡಿ ಹಾಕುತ್ತಿದ್ದೆ. ಅಕ್ಕಪಕ್ಕದಲ್ಲಿ ಮರ್ಯಾದಸ್ಥರಿದ್ದಾರೆ.

ಇವರ ಹಾಗೆಯೇ ಚಡ್ಡಿ ಹಾಕುವ ಇನ್ನೂ ಕೆಲವರು ಸೇರಿ ಒಂದು ಗುಂಪು ಮಾಡಿಕೊಂಡರು. ಸಿದ್ಧಾರ್ಥನಗರದ ಒಬ್ಬ ನಿವೃತ್ತ ಲೆಕ್ಚರರು ಅದರ ಮುಖಂಡರು. ಎಲ್ಲರೂ ಅವರನ್ನು ಕ್ಯಾಪ್ಟನ್ ಅನ್ನುತ್ತಿದ್ದರು. ಅವರು ಯಾವುದೋ ಕಾಲದಲ್ಲಿ ಭಾವಮೈದುನನ ಮನೆಗೆ ಅಂತ ಇಂಗ್ಲೆಂಡಿಗೆ ಹೋಗಿ ಒಂದು ತಿಂಗಳು ಇದ್ದು ಬಂದವರು. ಮೈಸೂರಲ್ಲಿ ಇಡ್ಲಿ ತಿನ್ನುವಾಗಲೂ "ಅಲ್ಲೆಲ್ಲ ಹೀಗಲ್ಲ ಸಾರ್" ಅಂತಲೇ ಮಾತು ತೆಗೆಯುತ್ತಿದ್ದರು. ಇಡ್ಲಿ ವಿಷಯದಲ್ಲಿ ಅದು ನಿಜವೂ ಹೌದು.

ಈ ಗುಂಪಿಗೆ ಒಂದೇ ಚಿಂತೆ, ನಿಶ್ಶಬ್ದವಾದ ರಸ್ತೆ ಎಲ್ಲಿ ಸಿಗುತ್ತದೆ ಅಂತ. ರಿಂಗ್ ರಸ್ತೆಯಲ್ಲಿ ಲಾರಿ. ಬಡಾವಣೆಗಳಲ್ಲಿ ನಾಯಿ. ಹಳ್ಳಿಗಳ ಕಡೆ ಹೋದರೆ ಅರಳಿಕಟ್ಟೆ ಮೇಲೆ ಕೂತವರೆಲ್ಲ ನಿಲ್ಲಿಸಿ, "ಯಾವೂರು ಸ್ವಾಮಿ? ಯಾಕ್ ಸೈಕಲ್ಲು, ಗಾಡಿ ಕೆಟ್ಟೋಯ್ತಾ?" ಅಂತ ವಿಚಾರಿಸುತ್ತಾರೆ. ಇಂಗ್ಲೆಂಡಿನ ಕುರಿ ಹಾಗೆಲ್ಲ ಕೇಳುವುದಿಲ್ಲವಂತೆ.

ಕೊನೆಗೆ ಊರಾಚೆ ಒಂದು ರಸ್ತೆ ಸಿಕ್ಕಿತು. ಎರಡೂ ಕಡೆ ಹುಣಸೆಮರ, ಆಮೇಲೆ ಹೊಲ. ಟಾರು ಹೊಸದು. ಕ್ಯಾಪ್ಟನ್ನು ಇಳಿದು ಒಂದು ಸುತ್ತು ನೋಡಿ, "ಥೇಟ್ ಅಲ್ಲಿಯ ಹಾಗೇ ಇದೆ ಸಾರ್!" ಅಂದರಂತೆ. ಒಂದೇ ಒಂದು ಕೊರತೆ, ಅದರ ಮೇಲೆ ವಾಹನಗಳು ಓಡಾಡುತ್ತಿದ್ದವು. ರಸ್ತೆಗೆ ಅದೊಂದು ಕೆಟ್ಟ ಚಾಳಿ ನೋಡಿ. ಬೆಳಗಿನ ಬಸ್ಸು, ಹಾಲಿನ ವ್ಯಾನು, ಇಟ್ಟಿಗೆ ಟ್ರ್ಯಾಕ್ಟರು ಎಲ್ಲ ಅಲ್ಲೇ.

ಅದಕ್ಕೂ ಉಪಾಯ ಹುಡುಕಿದರು. ಆ ಊರಿನ ಪಂಚಾಯ್ತಿ ಮೆಂಬರೊಬ್ಬರನ್ನು ಹಿಡಿದು, ಅವರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ ಫೋಟೋ ತೆಗೆಸಿದರು. ಪೇಟ ಇಟ್ಟ ತಲೆ ಬೇಡ ಅನ್ನುತ್ತದೆಯೇ? ಭಾನುವಾರ ಬೆಳಗ್ಗೆ ರಸ್ತೆಯ ಎರಡೂ ತುದಿಗೆ ಪ್ಲಾಸ್ಟಿಕ್ ಡ್ರಮ್ಮು ಇಟ್ಟು, ಅಡ್ಡ ಬಿದಿರು ಕಟ್ಟಿ, "ಶಾಂತ ಸೈಕಲ್ ಪಥ, ವಾಹನಗಳಿಗೆ ಪ್ರವೇಶವಿಲ್ಲ" ಅಂತ ಬೋರ್ಡು ನೇತುಹಾಕುವುದು ಅಂತಾಯಿತು. ಬಸ್ಸು, ವ್ಯಾನು ಎಲ್ಲ ಕೆರೆ ಏರಿ ಬಳಸಿಕೊಂಡು ಹೋಗಲಿ.

ಒಂದು ವಾಹನಕ್ಕೆ ಮಾತ್ರ ರಿಯಾಯಿತಿ ಇತ್ತು. ಅದು ನಮ್ಮ ಕಾರು. ಶಾಂತಿ ಎಷ್ಟೇ ದೊಡ್ಡದಾದರೂ ಕಾಫಿ ಬರಬೇಕಲ್ಲ! ಹಾಗಾಗಿ ಫ್ಲಾಸ್ಕು, ಇಡ್ಲಿ ಡಬ್ಬಿ, ಪಂಪು ಎಲ್ಲ ತುಂಬಿಕೊಂಡು ನಾನು ಹಿಂದೆ ಬರಬೇಕು, ಹಾರನ್ ಹೊಡೆಯಬಾರದು ಅಂತ ತೀರ್ಮಾನವಾಯಿತು. ಬೇರೆ ದಿನ ನಾನು ಸ್ಟೀರಿಂಗ್ ಹಿಡಿದರೆ ನಮ್ಮನೆಯವರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಾರೆ. ಕಾಫಿ ಬೇಕಾದಾಗ ನಾನು ಒಳ್ಳೆ ಡ್ರೈವರು.

ಮೊದಲನೇ ಭಾನುವಾರ. ಮಾರ್ಗಶಿರದ ಚಳಿ, ಆದರೆ ಆಕಾಶದಲ್ಲಿ ಕಾಲವಲ್ಲದ ಕಾಲದ ಮೋಡ. ಡ್ರಮ್ಮು ಇಟ್ಟಾಯಿತು. ಸವಾರರು ಸಾಲಾಗಿ ಹೊರಟರು, ನಾನು ಮದುವೆ ದಿಬ್ಬಣದ ಹಾಗೆ ನಿಧಾನವಾಗಿ ಹಿಂದೆ. ಒಂದು ತಿರುವು ದಾಟಿದ್ದೇ ತಡ, ಮುಂದಿದ್ದ ಕ್ಯಾಪ್ಟನ್ನು ಕೈಕಾಲು ಅಗಲಿಸಿಕೊಂಡು ಮೆತ್ತಗೆ ಉರುಳಿಬಿದ್ದರು. ಬಿದ್ದದ್ದು ಹುರುಳಿಯ ಮೇಲೆ.

ರಸ್ತೆಯ ಅಗಲಕ್ಕೂ ಹುರುಳಿ ಗಿಡ ಹರಡಿತ್ತು. ನಮ್ಮ ಕಡೆ ಈಗ ಕಣ ಮಾಡುವವರು ಯಾರಿದ್ದಾರೆ? ಟಾರು ರಸ್ತೆಗೆ ಹಾಕಿಬಿಟ್ಟರೆ ಬಸ್ಸು ಲಾರಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಹುರುಳಿಯ ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಒಮ್ಮೆ ರಸ್ತೆ ಕಡೆ, ಒಮ್ಮೆ ಮೋಡದ ಕಡೆ ನೋಡುತ್ತ ನಿಂತಿದ್ದಳು.

ಬಿದ್ದವರನ್ನು ಬಿಟ್ಟು ಸೀದಾ ನನ್ನ ಹತ್ತಿರ ಬಂದಳು. "ಯಾಕವ್ವ, ಇವತ್ತು ಒಂದ್ ಗಾಡಿನೂ ಬತ್ತಾ ಇಲ್ವಲ್ಲ? ಬಸ್ಸಿಗೇನ್ ಬಂತು? ಮಳೆ ಬಂದ್ಬುಟ್ರೆ ಕಾಳೆಲ್ಲ ಮೊಳಕೆ ಒಡೆದೋಯ್ತವೆ. ವರ್ಷದ ಸಾರು ಕಣವ್ವ ಇದು, ಹಸಿನ ಮೇವೂ ಇದೇಯ."

ಕ್ಯಾಪ್ಟನ್ನು ಎದ್ದು, ಚಡ್ಡಿಗೆ ಅಂಟಿದ ಹೊಟ್ಟು ಕೊಡವಿಕೊಂಡು, ಕ್ಲಾಸಿನಲ್ಲಿ ಹೇಳುವ ಹಾಗೆ, "ನೋಡಮ್ಮ, ಈ ರಸ್ತೆಗೆ ವಾಹನ ಬರದ ಹಾಗೆ ಮಾಡಿದ್ದೇವೆ. ಶಾಂತಿ ಇರಲಿ ಅಂತ" ಅಂದರು.

"ಶಾಂತಿ ತಗಂಡು ಹುರುಳಿ ಒಕ್ಕಾಕಾಯ್ತದಾ?" ಅಂದಳು ಹೆಂಗಸು. "ಅಯ್ಯೋ ನಿಮ್ಮ ಮನೆ ಕಾಯ್ವಾಗ! ಯಾರನ್ನ ಕೇಳಿ ಮಾಡಿದ್ರಿ?" ಕೇಳಿದ್ದು ಯಾರನ್ನು, ಪೇಟವನ್ನು.

ಒಬ್ಬರು ಡ್ರಮ್ಮು ತೆಗೆಯಲು ಓಡಿದರು. ಆದರೆ ಬಸ್ಸು, ವ್ಯಾನು ಎಲ್ಲ ಆಗಲೇ ಕೆರೆ ಏರಿ ಹಿಡಿದು ಹೋಗಿಯಾಗಿತ್ತು. ನಮ್ಮನೆಯವರು ಪಾಪ, ಒಳ್ಳೆ ಮನಸ್ಸಿನವರು, ತಾವೇ ತುಳಿಸುತ್ತೇನೆ ಅಂತ ಸೈಕಲ್ಲು ಹತ್ತಿ ಹುರುಳಿ ಮೇಲೆ ಆ ತುದಿಯಿಂದ ಈ ತುದಿಗೆ ಹೋದರು. ಆ ಬಳೆಯಂಥ ಚಕ್ರಕ್ಕೆ ಒಂದು ಕಾಯಿಯೂ ಒಡೆಯಲಿಲ್ಲ. "ಸೊಳ್ಳೆ ಕೂತಂಗಾಯ್ತು" ಅಂದಳು ಹೆಂಗಸು. ಚಾಮುಂಡಿಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬೀಸತೊಡಗಿತು.

ಅವಳು ಬಗ್ಗಿ ಒಂದೊಂದೇ ಕಾಯಿಯನ್ನು ಕೈಯಲ್ಲೇ ಬಿಡಿಸತೊಡಗಿದಳು. ಬೈದಾಗ ಆಗದ ಸಂಕಟ ಆಗ ನನಗಾಯಿತು. ಕಾರು ಹತ್ತಿದೆ.

"ಲೇ, ಬೇಡ ಕಣೇ!" ನಮ್ಮನೆಯವರು ಓಡಿ ಬಂದರು. "ಕೆಳಗಡೆ ಗಿಡ ಸುತ್ತಿಕೊಂಡರೆ ಇಂಜಿನ್ ಬಿಸಿಗೆ ಬೆಂಕಿ ಹತ್ತುತ್ತೆ."

"ಹಾಗಾದ್ರೆ ಸುತ್ತಿಕೊಂಡಾಗಲೆಲ್ಲ ನೀವು ಬಿಡಿಸಿ" ಅಂದೆ. "ಅಷ್ಟು ಗಟ್ಟಿ ಚಡ್ಡಿ ಯಾಕೆ ಹಾಕಿರೋದು?"

ಹೋದೆ. ಚಕ್ರದ ಕೆಳಗೆ ಒಣಗಿದ ಕಾಯಿ ಚಟಚಟ ಅಂತ ಒಡೆದವು. ಚಿಕ್ಕಂದಿನಲ್ಲಿ ಅಪ್ಪನ ಊರಿಗೆ ಹೋಗುವ ಬಸ್ಸು ಹುರುಳಿ ಮೇಲೆ ಹತ್ತಿದಾಗ ಕೇಳುತ್ತಿದ್ದ ಸದ್ದು ಅದೇ. ಆಗ ಸೀಟಿನ ಮೇಲೆ ಕುಣಿಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಈಗಲೂ ಎದೆ ತುಂಬಿ ಬಂತು, ಹಾರನ್ ಕೂಡ ಹೊಡೆದೆ. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ಪ್ರತಿ ಸಲವೂ ಕಾರು ನಿಂತರೆ ನಮ್ಮನೆಯವರು ಟಾರಿನ ಮೇಲೆ ಮಲಗಿ ಅಡಿಯಿಂದ ಗಿಡ ಎಳೆಯುತ್ತಿದ್ದರು. ಕ್ಯಾಪ್ಟನ್ನಿಗೆ ಆ ಹೆಂಗಸು ಒಂದು ಕೋಲು ಕೊಟ್ಟಳು. "ತಿರುವಾಕಿ ಸಾಮಿ, ಅಡಿದು ಮೇಲಕ್ಕೆ ಬರ್ಲಿ. ಅಂಗಲ್ಲ! ಇತ್ಲಾಗೆ!" ಎಲ್ಲರೂ ತಿರುವಿದರು. ಒಬ್ಬರು ಕಾಳು ಗುಡಿಸಿದರು, ಒಬ್ಬರು ಚೀಲ ಹಿಡಿದರು. ಅಷ್ಟು ಹೊತ್ತೂ ಒಬ್ಬರಿಗೊಬ್ಬರು ಕೂಗಿಕೊಂಡು ಹೇಳಿಕೊಡುತ್ತಲೇ ಇದ್ದರು. ಹಾಗಲ್ಲ ಸಾರ್, ಹೀಗೆ ಸಾರ್, ಪೊರಕೆ ಆ ಕಡೆ ಸಾರ್. ಲಷ್ಕರ್ ಮೊಹಲ್ಲಾದ ಹಬ್ಬದ ಸಂತೆಯಲ್ಲೂ ಅಂಥ ಗದ್ದಲ ನಾನು ಕೇಳಿಲ್ಲ.

ಕೊನೆಯ ಚೀಲದ ಬಾಯಿ ಕಟ್ಟಿ ಕಾರಿನ ಹಿಂದಿನ ಸೀಟಿಗೆ ತುಂಬಿ, ಹೊಟ್ಟಿನ ಮೇಲೆ ಟಾರ್ಪಾಲು ಎಳೆಯುವುದಕ್ಕೂ ದಪ್ಪ ಹನಿ ಬೀಳುವುದಕ್ಕೂ ಸರಿಹೋಯಿತು. ಎಲ್ಲರೂ ರಸ್ತೆ ಪಕ್ಕದಲ್ಲಿದ್ದ ಬಸ್ ತಂಗುದಾಣದೊಳಗೆ ಸೇರಿಕೊಂಡೆವು. ಫ್ಲಾಸ್ಕಿನ ಕಾಫಿ ಮೊದಲು ಆ ಹೆಂಗಸಿಗೆ ಕೊಟ್ಟೆ. ಅವಳು ಲೋಟ ಹಿಡಿದುಕೊಂಡು ಕಾರಿನ ಗಾಜಿನೊಳಗಿದ್ದ ಚೀಲಗಳನ್ನು ನೋಡುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕ್ಯಾಪ್ಟನ್ನು ಮಳೆ ನೋಡುತ್ತ, "ಅಲ್ಲೆಲ್ಲ..." ಅಂತ ಶುರುಮಾಡಿ, ಯಾರೂ ತಿರುಗಿ ನೋಡದ್ದಕ್ಕೆ ಅಲ್ಲಿಗೇ ನಿಲ್ಲಿಸಿದರು.

"ಆ ಡ್ರಮ್ಮು ಇಲ್ಲೇ ಬುಟ್ಟೋಗಿ, ಕಾಳು ತುಂಬಾಕಾಯ್ತದೆ" ಅಂದಳು ಹೆಂಗಸು. ನಮ್ಮನೆಯವರು ತಲೆಯಾಡಿಸಿದರು. ತಲೆ ತುಂಬ ಹೊಟ್ಟು ಇತ್ತು.

ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ಬರೋ ಭಾನುವಾರ ರಾಗಿ ಹಾಕ್ತೀನಿ ಕಣವ್ವ. ನೀನು ಕಾರು ತಗಂಡು ಬಾ." ಒಂದು ಸಲ ಅವರೆಲ್ಲರ ಕಡೆ ನೋಡಿ, ದನಿ ತಗ್ಗಿಸುವ ಗೋಜಿಗೇ ಹೋಗದೆ ಹೇಳಿದಳು. "ಇವರ್ನ ಮನೇಲೇ ಬುಟ್ಟು ಬಾ. ಬಲೇ ಗಲಾಟೆ ಮಾಡ್ತಾರೆ."