ಡೊನೊವನ್ ಅಜ್ಜನ ಅಂಗೈ

ಶೇಷಾದ್ರಿಗೆ ಹೆದರಿಕೆ ಹುಟ್ಟುಗುಣ. ಮೈಸೂರಿನಲ್ಲಿದ್ದಾಗ ತನ್ನ ನೆರಳಿಗೇ ಅಂಜಿ ಎರಡು ಸಲ ಮನೆ ಬದಲಾಯಿಸಿದವನು. ಅಮೆರಿಕಕ್ಕೆ ಬಂದ ಮೇಲೆ, ೧೯೭೨ರಲ್ಲಿ ಡೆಟ್ರಾಯಿಟ್ ಹತ್ತಿರದ ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿತು. ಸೋಮವಾರವೇ ಸೇರಬೇಕು, ಅಲ್ಲಿಗೆ ಬಸ್ಸಿಲ್ಲ. ಹಳೆಯ ಕಾರು ಮಾರಲು ಒಪ್ಪಿದವನು ಪಕ್ಕದ ಮನೆಯ ಐರ್ಲೆಂಡಿನ ಮುದುಕ ಡೊನೊವನ್.

ಮುದುಕ ತನ್ನೂರ ದನದ ಸಂತೆಯಲ್ಲೇ ಬೆಳೆದವನು. ಸಂತೆಯ ದಿನ ಪೇಟೆಬೀದಿಯಲ್ಲಿ ಎಷ್ಟು ದನವೆಂದರೆ, ಪಾದ್ರಿ ಹಸುಗಳ ಬೆನ್ನ ಮೇಲೆ ನಡೆದೇ ಚರ್ಚು ಸೇರುತ್ತಿದ್ದನಂತೆ. ವ್ಯಾಪಾರ ಕುದುರಿದರೆ ಅಂಗೈಗೆ ಉಗುಳಿ ಕೈಗೆ ಕೈ ಬಡಿಯಬೇಕು. ಹಿಂಜರಿದವನೊಬ್ಬನನ್ನು ಅವನು ಸಾಯುವತನಕ ಊರು ಮಾತಾಡಿಸಲಿಲ್ಲವಂತೆ.

ಈಗ ಡೊನೊವನ್ ಕಾರಿನ ಬೆಲೆಗೆ ಒಪ್ಪಿ, ಥೂ ಎಂದು ಅಂಗೈಗೆ ಉಗುಳಿ ಕೈ ಚಾಚಿದ. “ನೀನೂ ಉಗುಳಿ ಬಡಿ ಮಗನೇ! ಇಲ್ಲದಿದ್ರೆ ಕಾರಿಲ್ಲ.”

ಶೇಷಾದ್ರಿ ಹಿಂದಕ್ಕೆ ಸರಿದ ರಭಸಕ್ಕೆ ಡೆಟ್ರಾಯಿಟ್‌ವರೆಗೂ ಗಾಳಿ ಬೀಸಿರಬೇಕು. ಸ್ವಂತ ಮಗುವಿನ ಎಂಜಲು ಲೋಟವನ್ನೂ ಮುಟ್ಟದವನು ಅವನು. ಮೇಲಾಗಿ, ಕಿಟಕಿಯಲ್ಲಿ ಹೆಂಡತಿ ಕೌಸಲ್ಯಾ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಾಳೆ. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಕಾವೇರಿಯಲ್ಲಿ ಮುಳುಗೆದ್ದು, ಉಗುಳಲು ಹೋದ. ಹೆದರಿಕೆಗೆ ಬಾಯಿ ಒಣಗಿ ಒಂದು ಹನಿಯೂ ಬರಲಿಲ್ಲ.

“ಬಿಡು, ನಂದೇ ಇಬ್ಬರಿಗೂ ಸಾಕು!” ಎಂದು ಮುದುಕ ಅವನ ಕೈ ಎಳೆದು ಛಟೀರನೆ ಬಡಿದ.

ಕೌಸಲ್ಯಾ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಕಾರು ಬಂತಾ?”

“ಬಂತು ಕಣೇ.”

“ಸಂತೋಷ. ಆ ಕೈ ಹೊರಗೇ ಬಿಟ್ಟು ಒಳಗೆ ಬನ್ನಿ.”

ಶೇಷಾದ್ರಿ ಎಡಗೈಯಲ್ಲಿ ಕೀಲಿ ಹಿಡಿದು, ಬಲಗೈಯನ್ನು ಪರರ ಸೊತ್ತಿನಂತೆ ದೂರ ಚಾಚಿಕೊಂಡು ಹೊಸ್ತಿಲಾಚೆಯೇ ನಿಂತ. ಮುದುಕನಿಗೆ ಹೆದರುವುದು ಮುಗಿದಿತ್ತು, ಹೆಂಡತಿಗೆ ಹೆದರುವುದು ಈಗಷ್ಟೇ ಶುರುವಾಗಿತ್ತು.