ಪೂಜೆಗೆ ಉಜ್ಜಿದ ಆರು ಪಿನ್ನುಗಳು

ಮೊನ್ನೆ ಬ್ಯೂಟಿ ಪಾರ್ಲರಿನಲ್ಲಿ ನನ್ನ ಬೂದು ಕೂದಲಿಗೆ ಹಚ್ಚುವ ಬಣ್ಣದ ಡಬ್ಬಿ ತೆರೆದ ಕೂಡಲೇ ಅಮೋನಿಯಾ ವಾಸನೆ ಮೂಗಿಗೆ ಬಡಿಯಿತು. ಪಾರ್ಲರಿನ ಹುಡುಗಿ ಮುಖ ಸಿಂಡರಿಸಿದಳು. ನನಗೆ ಮಾತ್ರ ನಗು ಬಂತು... ಪೀಣ್ಯದ ಆ ಶೆಡ್ಡು, ಅದರ ಕುಲುಮೆ, ಕುಲುಮೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ ನಮ್ಮ ಫೋರ್‌ಮನ್.

ನನ್ನ ಮೊದಲ ಕೆಲಸ ಅಲ್ಲಿ, ತಪಾಸಣೆಯ ಮೇಜಿನಲ್ಲಿ. ಮುಚ್ಚಿದ ಕುಲುಮೆಯಲ್ಲಿ ಉಕ್ಕಿನ ಪಿನ್ನುಗಳನ್ನು ಕಾಯಿಸಿ ಅಮೋನಿಯಾ ಅನಿಲ ಬಿಡುತ್ತಿದ್ದರು. ಹೊರಬರುವಾಗ ಅವುಗಳ ಮೈಮೇಲೆ ತೆಳ್ಳಗಿನ, ಗಟ್ಟಿಯಾದ ಬೂದು ಪದರ ಕೂತಿರುತ್ತಿತ್ತು. ಸವೆತ ಕಡಿಮೆ, ತುಕ್ಕೂ ಸುಲಭಕ್ಕೆ ಹಿಡಿಯದು. ನೋಡಲು ಮಾತ್ರ ಹುಣಸೆಹಣ್ಣು ಕಾಣದ ಹಿತ್ತಾಳೆ ಚೊಂಬಿನ ಹಾಗೆ ಮಂಕು.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ಹೊಸ ಗಿರಾಕಿಗೆ ತೋರಿಸಲು ಹನ್ನೆರಡು ಪಿನ್ನು ತಯಾರಾಗಿದ್ದವು. ತುಕ್ಕು ತಡೆದರೆ ಮಾತ್ರ ಆರ್ಡರ್ ಎಂದಿದ್ದರು ಅವರು. ಲೇತು, ಸ್ಪ್ಯಾನರು ಎಲ್ಲ ಫಳಫಳ ಹೊಳೆಯುತ್ತಿರುವಾಗ ದೇವರ ಮುಂದೆ ಇವು ಮಾತ್ರ ಮಂಕಾಗಿ ಕೂರುವುದೇ? ನಾನು ಯಾರನ್ನೂ ಕೇಳದೆ ಎಮರಿ ಚಕ್ರಕ್ಕೆ ಹಿಡಿದು ಉಜ್ಜತೊಡಗಿದೆ. ಆರು ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಹೋಗಿದ್ದೇ ಪುಣ್ಯ.

ಪೂಜೆಯಲ್ಲಿ ಹನ್ನೆರಡರ ಮೇಲೂ ಕುಂಕುಮದ ನೀರು, ನಿಂಬೆರಸ ಬಿದ್ದವು. ಮೂರು ದಿನದ ರಜೆ ಮುಗಿಸಿ ಬಂದರೆ ನಾನು ಉಜ್ಜಿದ ಆರಕ್ಕೂ ತುಕ್ಕು ಹಿಡಿದಿತ್ತು. ಪಕ್ಕದ ಆರು ಬೂದು ಪಿನ್ನು ಇಟ್ಟ ಹಾಗೇ ಇದ್ದವು. ಗಿರಾಕಿ ಆಗಲೇ ಬಾಗಿಲಿಗೆ ಬಂದಿದ್ದರು. ನಾನು ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಆರ್ಡರಿನ ಜೊತೆ ನನ್ನ ಕೆಲಸವೂ ಹೋಯಿತು ಅಂದುಕೊಂಡೆ.

ನಡೆದದ್ದನ್ನು ಫೋರ್‌ಮನ್ ಕಿವಿಯಲ್ಲಿ ಹೇಳಿದೆ. ಅವರು ಬೈಯಲಿಲ್ಲ. ಹನ್ನೆರಡನ್ನೂ ಒಂದೇ ತಟ್ಟೆಯಲ್ಲಿ ಜೋಡಿಸಿ ಗಿರಾಕಿಯ ಮುಂದಿಟ್ಟರು.

"ಈ ಆರರ ಪದರ ಉಜ್ಜಿ ತೆಗ್ದಿದೀವಿ ಸಾರ್, ಈ ಆರು ಹಂಗೇ ಬಿಟ್ಟಿದೀವಿ. ಎಲ್ಲಕ್ಕೂ ಬಿದ್ದಿದ್ದು ಅದೇ ಕುಂಕುಮದ ನೀರು. ನೀವೇ ನೋಡಿ. ನಮ್ಮ ಹುಡುಗಿ ಮಾಡಿರೋ ಪರೀಕ್ಷೆ ಇದು."

ಆರ್ಡರ್ ಸಿಕ್ಕಿತು. ಆಮೇಲೆ ಫೋರ್‌ಮನ್ ನನ್ನನ್ನು ಕರೆದು, "ನೋಡಮ್ಮಾ, ಹಬ್ಬಕ್ಕೆ ಪೌಡರ್ ನಿನ್ ಮುಖಕ್ಕೆ ಹಾಕ್ಕೋ. ಪಿನ್ನಿಗೆ ಬೂದು ಬಣ್ಣಾನೇ ಶೃಂಗಾರ," ಎಂದು ಒಂದು ಬೂದು ಪಿನ್ನನ್ನು ಕೈಗಿಟ್ಟರು. ಮುಂದೆ ಪ್ರತಿ ಆಯುಧಪೂಜೆಗೂ, "ವಿಜ್ಞಾನಿ ಬಂದ್ರು, ಎಮರಿ ಬಚ್ಚಿಡ್ರೋ," ಎಂದು ಕೂಗಿ ಶೆಡ್ಡಿನವರನ್ನೆಲ್ಲ ನಗಿಸುತ್ತಿದ್ದರು.

ಅವರು ತೀರಿಕೊಂಡು ಎರಡು ವರ್ಷವಾಯಿತು. ಶೆಡ್ಡು ಈಗ ಯಾರದೋ ಗೋಡೌನ್. ಪಿನ್ನು ನನ್ನ ಮೇಜಿನ ಮೇಲಿದೆ, ಇವತ್ತಿಗೂ ತುಕ್ಕಿಲ್ಲ...

"ಹಚ್ಲಾ ಮೇಡಂ?" ಎಂದಳು ಹುಡುಗಿ, ಬ್ರಷ್ ಎತ್ತಿ.

"ಬೇಡಮ್ಮ, ಬೂದು ಹಾಗೇ ಇರ್ಲಿ," ಎಂದು ಎದ್ದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗಿ ಹೊಟ್ಟೆ ಹಿಡಿದು ನಗುತ್ತಿದ್ದವರು ನಮ್ಮ ಫೋರ್‌ಮನ್ ಒಬ್ಬರೇ, ಅವರಿಗೇ ಹೇಳಲಾಗಲಿಲ್ಲ.